ಸುದ್ದಿಮನೆಯಿಂದ ಕಾದಂಬರಿಗೆ: ಕಾರು ತಿರುಗಿಸುವ ಮೊದಲು ಮಾರ್ಕ್ವೆಜ್ ಏನು ಮಾಡುತ್ತಿದ್ದರು?

ತುಂಗಾತೀರ (ಚರ್ಚೆ ಆರಂಭಿಸಿದವರು)

ಹನ್ನೊಂದು ವರ್ಷ ಒಂದು ದಿನಪತ್ರಿಕೆಗೆ ಜಿಲ್ಲಾ ವರದಿಗಾರನಾಗಿದ್ದೆ. ಎರಡು ವರ್ಷದ ಹಿಂದೆ ಬಿಟ್ಟೆ. ರಾತ್ರೋರಾತ್ರಿ ಕೆರೆ ಏರಿ ಒಡೆದು ಒಂದು ಕೇರಿಯೇ ಕೊಚ್ಚಿಹೋದ ಘಟನೆಯನ್ನು ಹಿಂದೆ ನಾನೇ ವರದಿ ಮಾಡಿದ್ದೆ. ಅದನ್ನೇ ಇಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದೇನೆ. ಎಪ್ಪತ್ತು ಪುಟವಾಗಿದೆ. ಓದಿದ ಹಳೆಯ ಸಹೋದ್ಯೋಗಿಯೊಬ್ಬರು, "ಚೆನ್ನಾಗಿದೆ, ಎಲ್ಲೂ ಕತ್ತರಿ ಹಾಕದೆ ಮುಖಪುಟಕ್ಕೆ ತೆಗೆದುಕೊಳ್ಳಬಹುದು" ಎಂದರು. ಅದು ಹೊಗಳಿಕೆಯಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಕಾಯಿಲೆ ಏನೆಂದು ನನಗೆ ಗೊತ್ತು. ಅಧ್ಯಾಯದ ಮೊದಲ ಪ್ಯಾರಾದಲ್ಲೇ ಯಾರು, ಎಲ್ಲಿ, ಯಾವಾಗ, ಎಷ್ಟು ಮಂದಿ ಎಂದು ಎಲ್ಲವನ್ನೂ ಒಪ್ಪಿಸಿಬಿಡುತ್ತೇನೆ. ಜಾಗ ಸಾಲದಿದ್ದರೆ ಡೆಸ್ಕ್‌ನವರು ಕೆಳಗಿನಿಂದ ಕತ್ತರಿಸುತ್ತಾರೆ ಎಂಬ ಹೆದರಿಕೆ ಇನ್ನೂ ಬೆರಳುಗಳಿಂದ ಹೋಗಿಲ್ಲ. ಎರಡನೆಯ ಪ್ಯಾರಾ ಓದಲು ಓದುಗನಿಗೆ ಕಾರಣವೇ ಉಳಿಯುವುದಿಲ್ಲ.

ಸಂಕಟ ತೋಡಿಕೊಂಡವರೆಲ್ಲ ನನಗೆ ಕೊಲಂಬಿಯಾದ ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್ ಅವರ ಕತೆ ಹೇಳುತ್ತಾರೆ. ಸಂಸಾರ ಸಮೇತ ಕಾರಿನಲ್ಲಿ ಮೆಕ್ಸಿಕೊದ ಅಕಾಪುಲ್ಕೊ ಕಡೆ ಹೊರಟಿದ್ದರಂತೆ, ದಾರಿಯಲ್ಲಿ 'ಒಂದು ನೂರು ವರ್ಷಗಳ ಏಕಾಂತ' ಕಾದಂಬರಿಯ ಮೊದಲ ವಾಕ್ಯ ಹೊಳೆಯಿತಂತೆ, ಕಾರು ತಿರುಗಿಸಿ ಮನೆಗೆ ಬಂದು ಹದಿನೆಂಟು ತಿಂಗಳು ಕುಳಿತರಂತೆ. ಹೆಂಡತಿ ಮನೆಯ ಸಾಮಾನು ಅಡವಿಟ್ಟರು, ಹಸ್ತಪ್ರತಿ ಅಂಚೆಗೆ ಹಾಕಲು ಹೋದಾಗ ಅರ್ಧಕ್ಕೆ ಸಾಲುವಷ್ಟೇ ದುಡ್ಡಿತ್ತು, ಇತ್ಯಾದಿ. ಹರಿಕಥೆಯ ಹಾಗೆ ಕೇಳಿ ಕೇಳಿ ಬಾಯಿಪಾಠವಾಗಿದೆ. ನನ್ನ ಪ್ರಶ್ನೆ ಬೇರೆ. ಕಾರು ತಿರುಗುವ ಮೊದಲು ಏನಾಗಿತ್ತು? ವರದಿಗಾರನ ಕೈ ಕಾದಂಬರಿಕಾರನ ಕೈ ಆದದ್ದು ಎಲ್ಲಿ? ಬಲ್ಲವರು ತಿಳಿಸಬೇಕು.

ಕರಡು ತಿದ್ದುವವ

ನಾನು ಮೊಳೆ ಜೋಡಿಸುವ ಕಾಲದಿಂದ ಆಫ್‌ಸೆಟ್ ಕಾಲದವರೆಗೆ ಕರಡಚ್ಚು ತಿದ್ದಿ ನಿವೃತ್ತನಾದವನು. ಹಾಗಾಗಿ ಮೊದಲು ಇಸವಿಗಳನ್ನು ಸರಿಮಾಡಿಕೊಳ್ಳೋಣ.

ಕಾರು ತಿರುಗಿದ್ದು 1965ರಲ್ಲಿ. ಆಗ ಮಾರ್ಕ್ವೆಜ್ ಅವರಿಗೆ 38 ವರ್ಷ. ಪತ್ರಿಕೆಯಲ್ಲಿ ಅವರ ಮೊದಲ ಕೆಲಸ 1948ರಲ್ಲಿ, ಕಾರ್ತಹೇನಾದ 'ಎಲ್ ಯೂನಿವರ್ಸಲ್'ನಲ್ಲಿ. ಅಂದರೆ ನಡುವೆ ಹದಿನೇಳು ವರ್ಷ. ಆ ಕೆಲಸವೂ ಆಸೆಪಟ್ಟು ಹೋಗಿ ಹಿಡಿದದ್ದಲ್ಲ. ಬೊಗೊಟಾದಲ್ಲಿ ಕಾನೂನು ಓದುತ್ತಿದ್ದರು. 1948ರ ಏಪ್ರಿಲ್ 9ರಂದು ಜನನಾಯಕ ಗೈತಾನ್ ಅವರ ಕೊಲೆಯಾಗಿ ಊರಿಗೆ ಊರೇ ಹೊತ್ತಿ ಉರಿಯಿತು, ವಿಶ್ವವಿದ್ಯಾಲಯ ಮುಚ್ಚಿತು. ಹುಡುಗ ಕರಾವಳಿಗೆ ಬಂದ.

ಅಲ್ಲಿ ಕ್ಲೆಮೆಂತೆ ಮಾನ್ವೆಲ್ ಸಬಾಲಾ ಎಂಬ ಸಂಪಾದಕರಿದ್ದರು. ಈ ಹುಡುಗನ ಮೊದಲ ಬರಹವನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿ ಸಾಲುಗಳ ನಡುವೆ ತಾವೇ ಹೊಸದಾಗಿ ಬರೆದರು. ದಿನ ಕಳೆದಂತೆ ಕೆಂಪು ಕಡಿಮೆಯಾಯಿತು. ಮಾರ್ಕ್ವೆಜ್ ಇದನ್ನು ತಮ್ಮ ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ಬರೆದುಕೊಂಡಿದ್ದಾರೆ. ನಮ್ಮಲ್ಲಿ ಕೆಂಪು ಗೆರೆ ಎಳೆದವರನ್ನು ಯಾರೂ ನೆನೆಯುವುದಿಲ್ಲ ಬಿಡಿ, ಅದು ನನ್ನ ಸ್ವಂತ ಗೋಳು.

ಆಮೇಲೆ ಬಾರ್ರಾಂಕಿಯಾದ 'ಎಲ್ ಹೆರಾಲ್ದೊ'ದಲ್ಲಿ 'ಜಿರಾಫೆ' ಎಂಬ ಅಂಕಣ. ಸೆಪ್ಟಿಮಸ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ವಾಸ ವೇಶ್ಯಾಗೃಹವೊಂದರ ಮಹಡಿಯ ಕೋಣೆಯಲ್ಲಿ. ರಾತ್ರಿಯ ಬಾಡಿಗೆಗೆ ಕಾಸಿಲ್ಲದಿದ್ದರೆ ಬಾಗಿಲು ಕಾಯುವವನ ಕೈಗೆ ತಮ್ಮ ಹಸ್ತಪ್ರತಿಯನ್ನು ಒತ್ತೆ ಕೊಟ್ಟು ಮಲಗುತ್ತಿದ್ದರು. ಅದೇ 1955ರಲ್ಲಿ ಅಚ್ಚಾದ ಅವರ ಮೊದಲ ಕಾದಂಬರಿ, ಇಂಗ್ಲಿಷಿನಲ್ಲಿ 'ಲೀಫ್ ಸ್ಟಾರ್ಮ್'. 1967ರಲ್ಲಿ 'ಏಕಾಂತ' ಬರುವ ಮೊದಲು ಇಂಥ ನಾಲ್ಕು ಪುಸ್ತಕ ಬಂದಿದ್ದವು. ಹೆಸರು ಬಂತು, ಹೊಟ್ಟೆ ತುಂಬಲಿಲ್ಲ. ಹಗಲು ಪತ್ರಿಕೆಗೆ, ಎಲ್ಲರೂ ಹೋದ ಮೇಲೆ ಅದೇ ಸುದ್ದಿಮನೆಯಲ್ಲಿ ಕುಳಿತು ತನಗೆ. ಆದ್ದರಿಂದ ತುಂಗಾತೀರ ಅವರೆ, ಅವರು ಮೊದಲು ಪತ್ರಕರ್ತರಾಗಿದ್ದು ನಂತರ ಕಾದಂಬರಿಕಾರರಾದರು ಎಂಬ ನಿಮ್ಮ ಲೆಕ್ಕವೇ ತಪ್ಪು. ಎರಡೂ ಗಾಡಿ ಒಟ್ಟಿಗೇ ಓಡುತ್ತಿದ್ದವು.

ಮಲ್ಲಿಗೆಬಳ್ಳಿ

ಆ ಕಾರಿನ ಕತೆಯನ್ನು ಅವರೇ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಕಾದಂಬರಿಕಾರನ ಬಾಯಿಂದ ಆತನದೇ ಕತೆಯನ್ನು ನಂಬುವವರಿಗೆ ನನ್ನ ನಮಸ್ಕಾರ.

ಕಡಲಕರೆ

ನಿಮ್ಮ ಪ್ರಶ್ನೆಗೆ ನೇರ ಉತ್ತರ ನನ್ನ ಮಟ್ಟಿಗೆ 1955ರ ನಾವಿಕನ ವರದಿಯಲ್ಲಿದೆ. ನಮ್ಮದು ದೋಣಿಯ ಮನೆತನ, ಅದಕ್ಕೇ ಇರಬೇಕು, ಮಾರ್ಕ್ವೆಜ್ ಅವರ ಬರಹಗಳಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು ಅದನ್ನೇ.

ಆಗ ಅವರು ಬೊಗೊಟಾದ 'ಎಲ್ ಎಸ್ಪೆಕ್ತದೋರ್' ಪತ್ರಿಕೆಯಲ್ಲಿದ್ದರು. ಅಮೆರಿಕದ ಮೊಬೈಲ್ ಎಂಬ ಬಂದರಿನಲ್ಲಿ ದುರಸ್ತಿ ಮುಗಿಸಿ (ಊರಿನ ಹೆಸರೇ ಹಾಗೆ, ನಗಬೇಡಿ) ಕಾರ್ತಹೇನಾಕ್ಕೆ ಮರಳುತ್ತಿದ್ದ ಕೊಲಂಬಿಯಾದ 'ಕಾಲ್ದಾಸ್' ಎಂಬ ಯುದ್ಧನೌಕೆಯಿಂದ 1955ರ ಫೆಬ್ರುವರಿ 28ರಂದು ಎಂಟು ನಾವಿಕರು ಕಡಲಿಗೆ ಬಿದ್ದರು. ಒಬ್ಬ ಮಾತ್ರ ಉಳಿದ, ಲೂಯಿಸ್ ಅಲೆಹಾಂದ್ರೊ ವೆಲಾಸ್ಕೊ. ಹತ್ತು ದಿನ ತೆಪ್ಪದ ಮೇಲೆ, ಅನ್ನನೀರಿಲ್ಲದೆ. ದಡ ಸೇರಿದ ಮೇಲೆ ಸರ್ಕಾರ ಅವನನ್ನು ವೀರನನ್ನಾಗಿಸಿತು, ಕೈಗಡಿಯಾರದ ಕಂಪನಿ ಜಾಹೀರಾತಿಗೆ ಬಳಸಿಕೊಂಡಿತು, ಎಲ್ಲ ಪತ್ರಿಕೆಗಳೂ ಅವನ ಕತೆಯನ್ನು ಹಿಂಡಿ ಮುಗಿಸಿದವು. ಆಮೇಲೆ ಅವನು ತಾನಾಗಿ ಈ ಪತ್ರಿಕೆಯ ಮೆಟ್ಟಿಲು ಹತ್ತಿದ. ಹಳಸಿದ ಸುದ್ದಿ ಎಂದು ವಾಪಸು ಕಳಿಸಿದರು. ಸಂಪಾದಕ ಗಿಯೆರ್ಮೊ ಕಾನೊ ಅವರಿಗೆ ಏನನ್ನಿಸಿತೋ, ಮೆಟ್ಟಿಲಲ್ಲೇ ಅವನನ್ನು ತಡೆದು ಕರೆತಂದು ಮಾರ್ಕ್ವೆಜ್ ಅವರ ಕೈಗೆ ಒಪ್ಪಿಸಿದರು.

ಈಗ ಕೇಳಿ. ಇಪ್ಪತ್ತು ಬಾರಿ, ದಿನಕ್ಕೆ ಆರು ಗಂಟೆಯಂತೆ ಅವನನ್ನು ಕೂರಿಸಿಕೊಂಡು ಮಾತನಾಡಿಸಿದರು. ನಡುನಡುವೆ ಅವನನ್ನು ಸಿಕ್ಕಿಸುವ ಪ್ರಶ್ನೆ ಹಾಕಿ ಸುಳ್ಳು ಹೇಳುತ್ತಾನೆಯೇ ಎಂದು ಪರೀಕ್ಷಿಸುತ್ತಿದ್ದರು. ಹದಿನಾಲ್ಕು ಕಂತು ಬಂತು, ನಾವಿಕನ 'ನಾನು' ಎಂಬ ದನಿಯಲ್ಲಿ, ಅವನದೇ ಹೆಸರಿನಲ್ಲಿ. ಪತ್ರಿಕೆಯ ಪ್ರಸಾರ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಬೈಲೈನ್‌ಗಾಗಿ ಜಗಳವಾಡುವ ನಾವು ಗಮನಿಸಬೇಕಾದ್ದು: ವರದಿಗಾರನ ಹೆಸರು ಆ ಬರಹದ ಮೇಲೆ ಬಂದದ್ದು 1970ರಲ್ಲಿ, ಅದು ಪುಸ್ತಕವಾದಾಗ.

ಮತ್ತು ತುಂಗಾತೀರ ಅವರೆ, ನಿಮ್ಮ ಕಾಯಿಲೆಗೆ ಮದ್ದು ಇಲ್ಲಿಯೇ ಇದೆ. ಮನುಷ್ಯ ಬದುಕಿ ಬಂದಿದ್ದಾನೆಂದು ಮೊದಲ ಕಂತಿಗೂ ಮೊದಲೇ ಇಡೀ ದೇಶಕ್ಕೆ ಗೊತ್ತಿತ್ತು. ಯಾರು, ಎಲ್ಲಿ, ಯಾವಾಗ, ಎಷ್ಟು ಮಂದಿ ಎಲ್ಲವೂ ಗೊತ್ತಿತ್ತು. ಆದರೂ ಜನ ಹಳೆಯ ಸಂಚಿಕೆಗಳಿಗಾಗಿ ಕಚೇರಿಯ ಮುಂದೆ ಮುಗಿಬಿದ್ದರು. ಅವರು ಓದಿದ್ದು ಪ್ರತಿ ಸಂಜೆ ಐದು ಗಂಟೆಗೆ ಸರಿಯಾಗಿ ಬರುವ ಶಾರ್ಕ್ ಮೀನುಗಳನ್ನು, ಕೈಗೆ ಸಿಕ್ಕ ಕಡಲಹಕ್ಕಿಯನ್ನು ಕೊಂದೂ ತಿನ್ನಲಾಗದ ಅಸಹ್ಯವನ್ನು, ಹಸಿವಿಗೆ ಬೂಟಿನ ಚರ್ಮ ಕಚ್ಚಿ ನೋಡಿದ್ದನ್ನು. ಸುದ್ದಿ ಮುಗಿದ ಮೇಲೆ ಉಳಿಯುವುದು ಏನೆಂದು ಅವರು ಕಲಿತದ್ದು ಅಲ್ಲಿ, ಕಾರಿನಲ್ಲಿ ಅಲ್ಲ.

ಕರಡು ತಿದ್ದುವವ

ಕಡಲಕರೆ ಮೇಡಂ, ಮುಖ್ಯವಾದ ಸುದ್ದಿಯನ್ನೇ ಬಿಟ್ಟಿರಿ! ಆ ದಿನ ಬಿರುಗಾಳಿಯೇ ಇರಲಿಲ್ಲ. ಡೆಕ್ಕಿನ ಮೇಲೆ ರೆಫ್ರಿಜರೇಟರ್, ಟಿ.ವಿ., ಬಟ್ಟೆ ಒಗೆಯುವ ಯಂತ್ರಗಳನ್ನು ಕಳ್ಳಸಾಗಣೆಯಾಗಿ ಹೇರಿದ್ದರು. ಗಾಳಿಗೆ ಹಡಗು ವಾಲಿದಾಗ ಸರಕು ಕಳಚಿ ಮನುಷ್ಯರನ್ನೂ ಎಳೆದುಕೊಂಡು ಹೋಯಿತು. ಭಾರದಿಂದಾಗಿ ಹಡಗು ತಿರುಗಿ ಬಂದು ಅವರನ್ನು ರಕ್ಷಿಸುವಂತೆಯೂ ಇರಲಿಲ್ಲ. ಆಳುತ್ತಿದ್ದದ್ದು ಸರ್ವಾಧಿಕಾರಿ ರೋಹಾಸ್ ಪಿನಿಯಾ. ನೌಕಾಪಡೆ ನಿರಾಕರಿಸಿದಾಗ, ಹಡಗಿನಲ್ಲಿದ್ದವರೇ ತೆಗೆದ ಫೋಟೊಗಳನ್ನು ಹುಡುಕಿ ಪುರವಣಿಯಲ್ಲಿ ಅಚ್ಚುಹಾಕಿದರು. ಚಿತ್ರದಲ್ಲಿ ಹಿಂದಿದ್ದ ಪೆಟ್ಟಿಗೆಗಳ ಮೇಲೆ ಕಂಪನಿಯ ಹೆಸರು ಸಹ ಕಾಣುತ್ತಿತ್ತು. ಅದಾದ ಮೇಲೆ ಮಾರ್ಕ್ವೆಜ್ ಅವರನ್ನು ಪತ್ರಿಕೆ ಯುರೋಪಿಗೆ ಕಳಿಸಿತು. ಪತ್ರಿಕೆ ಮುಚ್ಚಿತು. ಪ್ಯಾರಿಸ್ಸಿನ ಹೋಟೆಲಿನಲ್ಲಿ ಬಾಡಿಗೆ ಕಟ್ಟಲಾಗದೆ, ಬಾರದ ಚೆಕ್ಕಿಗಾಗಿ ಕಾಯುತ್ತ ಕುಳಿತವರು ಬರೆದದ್ದು ಬಾರದ ಪಿಂಚಣಿ ಪತ್ರಕ್ಕಾಗಿ ಶುಕ್ರವಾರ ಶುಕ್ರವಾರ ಬಂದರಿಗೆ ಹೋಗುವ ಮುದುಕ ಕರ್ನಲ್‌ನ ಕತೆ.

ಅನುಮಾನಪ್ಪ

ಎಲ್ಲರೂ ಪೂಜೆ ಮುಗಿಸಿದ್ದರೆ ನಾನೊಂದು ಮಾತು ಹೇಳುತ್ತೇನೆ.

ಪತ್ರಕರ್ತನ ನಿಖರತೆಯನ್ನು ಕಾದಂಬರಿಗೆ ತಂದರು ಎಂದು ಮಾರ್ಕ್ವೆಜ್ ಅವರನ್ನು ಹೊಗಳುವುದು ವಾಡಿಕೆ. ಅವರೇ ಒಂದು ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ: ಆಕಾಶದಲ್ಲಿ ಆನೆಗಳು ಹಾರುತ್ತಿವೆ ಎಂದರೆ ಯಾರೂ ನಂಬುವುದಿಲ್ಲ, 425 ಆನೆಗಳು ಎಂದರೆ ನಂಬಬಹುದು. ಕೇಳಲು ಚೆಂದ. ಆದರೆ ಈ ಉಪಾಯ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

1928ರ ಡಿಸೆಂಬರ್‌ನಲ್ಲಿ ಸಿಯೆನಾಗಾ ಎಂಬಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯ ಬಾಳೆ ತೋಟದ ಕೂಲಿಗಳು ಮುಷ್ಕರ ಹೂಡಿದ್ದಾಗ ಸೈನ್ಯ ಗುಂಡು ಹಾರಿಸಿತು. ಸತ್ತವರೆಷ್ಟು? ಗುಂಡು ಹಾರಿಸಲು ಆಜ್ಞೆ ಕೊಟ್ಟ ಜನರಲ್ ಒಪ್ಪಿಕೊಂಡದ್ದು 47. ಅಮೆರಿಕದ ರಾಯಭಾರಿ ತನ್ನ ಸರ್ಕಾರಕ್ಕೆ ಬರೆದದ್ದು ಸಾವಿರಕ್ಕೂ ಹೆಚ್ಚು. 'ಒಂದು ನೂರು ವರ್ಷಗಳ ಏಕಾಂತ'ದಲ್ಲಿ ಅದು ಮೂರು ಸಾವಿರವಾಯಿತು, ಹೆಣಗಳು ರೈಲು ತುಂಬಿದವು. ರೈಲು ತುಂಬಬೇಕಿತ್ತು, ಅದಕ್ಕೆ ಅಷ್ಟು ಬೇಕಾಯಿತು ಎಂದು ಲೇಖಕರೇ ಮುಂದೆ ಒಪ್ಪಿಕೊಂಡರು. ಕೊನೆಗೆ ಏನಾಯಿತೆಂದರೆ, ಆ ದುರಂತದ ಒಂದು ವಾರ್ಷಿಕದ ದಿನ ಕೊಲಂಬಿಯಾದ ಸಂಸತ್ತಿನಲ್ಲಿ ಮೂರು ಸಾವಿರ ಹುತಾತ್ಮರಿಗಾಗಿ ಮೌನ ಆಚರಿಸಬೇಕೆಂದು ಕೇಳಲಾಯಿತು. ಆತ್ಮಕಥೆಯಲ್ಲಿ ಅವರೇ ಇದನ್ನು ಬರೆದಿದ್ದಾರೆ.

ಸಾಮಾನ್ಯ ಕಾದಂಬರಿಕಾರ ಹೀಗೆ ಮಾಡಿದ್ದರೆ ನನಗೆ ತಕರಾರಿಲ್ಲ. ಅಂಕಿಯ ಬೆಲೆ ಗೊತ್ತಿದ್ದ ವರದಿಗಾರ ಮಾಡಿದ್ದು. ನಾಳೆ ತುಂಗಾತೀರ ಅವರ ಕಾದಂಬರಿಯಲ್ಲಿ ಕೆರೆ ಒಡೆದು ಸತ್ತವರು ಮುನ್ನೂರು ಎಂದಾದರೆ, ಹತ್ತು ವರ್ಷದ ಮೇಲೆ ಅದೇ ಇತಿಹಾಸವಾಗುತ್ತದೆ. ನಿಜವಾಗಿ ಸತ್ತವರ ಮನೆಯವರಿಗೆ ಏನು ಉತ್ತರ ಕೊಡುತ್ತೀರಿ?

ತುಂಗಾತೀರ

ಸತ್ತವರು ಒಂಬತ್ತು ಮಂದಿ. ಹೆಸರು ಈಗಲೂ ಬಾಯಿಗೆ ಬರುತ್ತವೆ. ಆ ಅಂಕಿಯನ್ನು ಮುಟ್ಟುವ ಧೈರ್ಯ ನನಗಿಲ್ಲ. ಬಹುಶಃ ಅದೇ ನನ್ನ ತೊಂದರೆ.

ಕಡಲಕರೆ

ಅನುಮಾನಪ್ಪ ಅವರೆ, ನಿಮ್ಮ ಮಾತಿನಲ್ಲಿ ಅರ್ಧ ನ್ಯಾಯವಿದೆ. ಆದರೆ ಆ ಅಧ್ಯಾಯವನ್ನು ಮತ್ತೊಮ್ಮೆ ಓದಿ. ಹೆಣದ ರೈಲಿನಿಂದ ಬದುಕಿ ಬಂದವನು ಮೂರು ಸಾವಿರ ಎನ್ನುತ್ತಾನೆ. ಊರಿನವರು ಇಲ್ಲಿ ಯಾರೂ ಸತ್ತಿಲ್ಲ ಎನ್ನುತ್ತಾರೆ. ಸರ್ಕಾರವೂ ಸತ್ತವರಿಲ್ಲ, ಕೂಲಿಗಳು ಸಂತೋಷದಿಂದ ಮನೆಗೆ ಹೋದರು ಎಂದು ಪ್ರಕಟಣೆ ಹೊರಡಿಸುತ್ತದೆ. ಸುದ್ದಿಯನ್ನು ಹೂತುಹಾಕಿದ ಕಡೆ ಅಂಕಿ ಹೇಗೆ ಬೆಳೆಯುತ್ತದೆ ಎಂಬುದೇ ಅಲ್ಲಿನ ವಿಷಯ. ಅದನ್ನು ಸರಿಯಾಗಿ ಓದದೆ ಮೌನ ಆಚರಿಸಲು ಹೊರಟ ರಾಜಕಾರಣಿಯ ತಪ್ಪನ್ನು ಲೇಖಕರ ತಲೆಗೆ ಕಟ್ಟಬೇಡಿ.

ಅನುಮಾನಪ್ಪ

ಓದುಗರಲ್ಲಿ ಹೆಚ್ಚಿನವರು ಆ ರಾಜಕಾರಣಿಯ ಹಾಗೆಯೇ ಓದುತ್ತಾರೆ ಎಂಬುದು ನನ್ನ ಅಳಲು. ಇರಲಿ.

ಹೊಸ ಅಕ್ಷರ

ಎರಡು ವರ್ಷದಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಮೊದಲಿಗೆ ಒಂದು ಸಣ್ಣ ತಕರಾರು: ಅವರ ಹೆಸರಿನ ಉಚ್ಚಾರ ಮಾರ್ಕೆಸ್ ಎಂಬುದಕ್ಕೆ ಹತ್ತಿರ. ಕನ್ನಡದಲ್ಲಿ ಮಾರ್ಕ್ವೆಜ್ ಎಂದು ಬೇರುಬಿಟ್ಟಾಗಿದೆ, ನಾನೂ ಹಾಗೇ ಬರೆಯುತ್ತೇನೆ.

ಲ್ಯಾಟಿನ್ ಅಮೆರಿಕದ ಪತ್ರಿಕೆಗಳಲ್ಲಿ 'ಕ್ರೋನಿಕಾ' ಎಂಬ ಬಗೆಯ ಬರಹವಿದೆ. ಸುದ್ದಿಯೂ ಅಲ್ಲ, ಸಂಪಾದಕೀಯವೂ ಅಲ್ಲ. ನಡೆದದ್ದನ್ನು ನಡೆದ ಹಾಗೆ, ಆದರೆ ಬರೆಯುವವನ ಕಣ್ಣು ಕಾಣುವಂತೆ ಹೇಳುವುದು. ನಮ್ಮ ನುಡಿಚಿತ್ರಕ್ಕೆ ಹತ್ತಿರ, ಅದಕ್ಕಿಂತ ನೀಳ, ಅದಕ್ಕಿಂತ ಸೊಕ್ಕು ಜಾಸ್ತಿ. ಮಾರ್ಕ್ವೆಜ್ ಅವರು 1981ರಲ್ಲಿ ಬರೆದ ಕಿರುಕಾದಂಬರಿಯ ಹೆಸರಿನ ಮೊದಲ ಪದವೇ ಅದು, ಇಂಗ್ಲಿಷಿನಲ್ಲಿ 'ಕ್ರಾನಿಕಲ್ ಆಫ್ ಎ ಡೆತ್ ಫೋರ್‌ಟೋಲ್ಡ್'. ಅವರ ಕುಟುಂಬ ವಾಸವಾಗಿದ್ದ ಸೂಕ್ರೆ ಎಂಬ ಊರಿನಲ್ಲಿ 1951ರಲ್ಲಿ ನಡೆದ ಕೊಲೆ. ಸತ್ತವನು ಗೆಳೆಯ. ಆಗಲೇ ವರದಿ ಬರೆಯಬೇಕೆಂದು ಕೈ ತುರಿಸಿತು. ಅವರ ತಾಯಿ, ಸಂಬಂಧಪಟ್ಟ ತಾಯಂದಿರು ಬದುಕಿರುವಾಗ ಬೇಡ ಎಂದರು. ಮೂವತ್ತು ವರ್ಷ ಕಾದರು.

ತುಂಗಾತೀರ ಅವರೆ, ನಿಮಗೆ ಇದನ್ನು ಹೇಳಲು ಕಾರಣವಿದೆ. ನಿಮ್ಮ ಹಾಗೆಯೇ ಇವರೂ ಮೊದಲ ವಾಕ್ಯದಲ್ಲೇ ಎಲ್ಲವನ್ನೂ ಒಪ್ಪಿಸಿಬಿಡುತ್ತಾರೆ. ಯಾರನ್ನು ಕೊಲ್ಲುತ್ತಾರೆ, ಅವನು ಆ ದಿನ ಎಷ್ಟು ಗಂಟೆಗೆ ಎದ್ದ, ಏಕೆ ಎದ್ದ: ಬಿಷಪ್ಪರ ದೋಣಿ ನೋಡಲು, ಬೆಳಗಿನ ಐದೂವರೆಗೆ. ಅಪ್ಪಟ ಇಂಟ್ರೊ, ಅಂದರೆ ಎಲ್ಲವನ್ನೂ ಹೇಳಿಬಿಡುವ ವರದಿಯ ಮೊದಲ ಪ್ಯಾರಾ. ಆಮೇಲೆ ಓದುಗನನ್ನು ಹಿಡಿದಿಡುವುದು 'ಏನಾಯಿತು' ಎಂಬುದಲ್ಲ. ಊರಿಗೆ ಊರೇ ತಿಳಿದಿದ್ದೂ ಯಾರೂ ಏಕೆ ತಡೆಯಲಿಲ್ಲ ಎಂಬುದು. ಕತೆ ಹೇಳುವವನು ಇಪ್ಪತ್ತೇಳು ವರ್ಷದ ಮೇಲೆ ಬಂದು ಸಾಕ್ಷಿಗಳನ್ನು ಹುಡುಕುತ್ತಾನೆ. ನೀರು ನುಗ್ಗಿದ ನ್ಯಾಯಾಲಯದ ಕಡತಕೋಣೆಯಲ್ಲಿ ತೇಲುವ ಕಾಗದಗಳಿಂದ 322 ಹಾಳೆಗಳನ್ನು ಆಯ್ದುಕೊಳ್ಳುತ್ತಾನೆ. ಆ ದಿನ ಮಳೆ ಬರುತ್ತಿತ್ತೇ, ಬಿಸಿಲಿತ್ತೇ ಎಂಬುದರಲ್ಲೇ ಸಾಕ್ಷಿಗಳಿಗೆ ಒಮ್ಮತವಿಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ದೂಳು ಕುಡಿದ ಯಾವ ವರದಿಗಾರನಿಗಾದರೂ ಆ ಪುಟಗಳು ಎದೆಗೆ ನಾಟುತ್ತವೆ.

ಆದ್ದರಿಂದ ಇಂಟ್ರೊ ಕೈಬಿಡಬೇಕಾಗಿಲ್ಲ. ಇಂಟ್ರೊ ಬರೆದ ಮೇಲೆ ಯಾವ ಪ್ರಶ್ನೆ ಉಳಿಯುತ್ತದೆಯೋ ಅದು ನಿಮ್ಮ ಕಾದಂಬರಿ.

ಹಳೇ ಪೇಟೆ

ಇಷ್ಟು ದೂರ ಹೋಗಬೇಕೇ? ನಮ್ಮ ನಿರಂಜನ ಅವರನ್ನು ಮರೆತಿರಾ? ಮಂಗಳೂರಿನ 'ರಾಷ್ಟ್ರಬಂಧು'ವಿನಲ್ಲಿ ದುಡಿದವರು. ಆಗಿನ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಯ್ಯೂರಿನಲ್ಲಿ 1941ರಲ್ಲಿ ನಡೆದ ರೈತ ಹೋರಾಟ, 1943ರಲ್ಲಿ ನಾಲ್ವರು ತರುಣರಿಗಾದ ಗಲ್ಲು, ಇದನ್ನು 'ಚಿರಸ್ಮರಣೆ'ಯಾಗಿ ಬರೆದರು. ಅದು ಬಂದದ್ದೂ 1955ರಲ್ಲಿ. ಮಾರ್ಕ್ವೆಜ್ ಅವರ ಮೊದಲ ಕಾದಂಬರಿಯ ವರ್ಷವೇ. ತರಾಸು ಕೂಡ ಪತ್ರಿಕೆಗಳಲ್ಲಿ ದುಡಿದೇ ಕಾದಂಬರಿಗೆ ಬಂದವರು. ಉಲ್ಟಾ ಹೋದವರು ಲಂಕೇಶ್: ಕತೆ, ಕಾದಂಬರಿ, ನಾಟಕ, ಸಿನಿಮಾ ಎಲ್ಲ ಮುಗಿಸಿ 1980ರಲ್ಲಿ ಪತ್ರಿಕೆ ಮಾಡಿದರು. ಆ ಪತ್ರಿಕೆಗೆ ವರದಿ ಮಾಡುತ್ತಿದ್ದ ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತು. ನಮ್ಮಲ್ಲಿ ಸುದ್ದಿಮನೆಗೂ ಸಾಹಿತ್ಯಕ್ಕೂ ನಡುವೆ ಗೋಡೆ ಯಾವತ್ತು ಇತ್ತು?

ಕರಡು ತಿದ್ದುವವ

ಗೋಡೆ ಇರಲಿಲ್ಲ, ಒಪ್ಪಿದೆ. ಆದರೆ ನಿರಂಜನರ ದಾರಿ ಬೇರೆ. ಅವರಿಗೆ ಕಯ್ಯೂರು ಮರೆಯಬಾರದ ಸತ್ಯ, ಪುಸ್ತಕದ ಹೆಸರೇ ಅದನ್ನು ಹೇಳುತ್ತದೆ. ಮಾರ್ಕ್ವೆಜ್ ಅವರಿಗೆ ಸತ್ಯ ಸಾಲಲಿಲ್ಲ. ಹೋಲಿಸಿ ಓದಬೇಕು, ಒಂದೇ ಗೂಟಕ್ಕೆ ಕಟ್ಟಬಾರದು.

ಮಲ್ಲಿಗೆಬಳ್ಳಿ

ಇನ್ನೊಂದು. 'ಏಕಾಂತ'ದಲ್ಲಿ ಸುಂದರಿ ರೆಮೆದಿಯೋಸ್ ಆಕಾಶಕ್ಕೆ ಏರಿಹೋಗುತ್ತಾಳಲ್ಲ, ಎಷ್ಟು ದಿನ ಒದ್ದಾಡಿದರೂ ಅವಳನ್ನು ಮೇಲೆ ಹಾರಿಸಲು ಮಾರ್ಕ್ವೆಜ್ ಅವರಿಗೆ ಆಗಲಿಲ್ಲವಂತೆ. ಕೊನೆಗೆ ಹಿತ್ತಿಲಿಗೆ ಬಂದಾಗ ಬಟ್ಟೆ ಒಗೆಯುವ ಹೆಂಗಸು ಜೋರು ಗಾಳಿಯಲ್ಲಿ ಹಾಸಿಗೆಯ ಬಟ್ಟೆಗಳನ್ನು ಒಣಗಿಹಾಕಲು ಹೆಣಗುತ್ತಿದ್ದಳು. ಆ ಬಟ್ಟೆಗಳನ್ನು ಕೊಟ್ಟ ಮೇಲೆ ರೆಮೆದಿಯೋಸ್ ಹಾರಿದಳು. ಕಾರಿನ ಕತೆ ನಂಬದ ನಾನು ಇದನ್ನು ನಂಬುತ್ತೇನೆ, ಏಕೆಂದರೆ ಗಾಳಿಗೆ ಹಾಸಿಗೆ ಬಟ್ಟೆ ಹಾಕಿದವರಿಗೆ ಗೊತ್ತು. ಎ. ಎನ್. ಪ್ರಸನ್ನ ಅವರ ಕನ್ನಡ ಅನುವಾದ ಸಿಗುತ್ತದೆ, ಇಂಗ್ಲಿಷಿನ ಹಂಗಿಲ್ಲದೆ ಓದಿ.

ಹಳೇ ಪೇಟೆ

ಸಂಬಳದ ವಿಷಯ ಯಾರೂ ಎತ್ತಲಿಲ್ಲ. ಮೆಕ್ಸಿಕೊದಲ್ಲಿ ಅವರು ಜನಪ್ರಿಯ ನಿಯತಕಾಲಿಕೆಗಳನ್ನು ನೋಡಿಕೊಂಡರು, ಜಾಹೀರಾತು ಕಂಪನಿಯಲ್ಲಿ ದುಡಿದರು, ಸಿನಿಮಾಕ್ಕೆ ಬರೆದರು. ಹದಿನೆಂಟು ತಿಂಗಳು ಕುಳಿತಾಗ ಮನೆ ನಡೆಸಿದ್ದು ಪತ್ನಿ ಮೆರ್ಸೆದೆಸ್. ಬಾಡಿಗೆ ತಿಂಗಳುಗಟ್ಟಲೆ ಬಾಕಿ, ಅಂಗಡಿಯವರ ಬಳಿ ಸಾಲ. ಕಾದಂಬರಿಯ ಮೇಲೆ ಒಂದು ಹೆಸರಿದೆ, ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಹೆಸರಿತ್ತು. ತುಂಗಾತೀರ ಅವರೆ, ನಿಮ್ಮ ಮನೆಯಲ್ಲಿ ಆ ಲೆಕ್ಕ ಯಾರು ಬರೆಯುತ್ತಿದ್ದಾರೆ?

ತುಂಗಾತೀರ

ಹೆಂಡತಿ. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತಾಳೆ. ಇದನ್ನು ಅವಳಿಗೆ ಓದಿ ಹೇಳಿದೆ. "ಅವರಾದರೂ ಹದಿನೆಂಟೇ ತಿಂಗಳು" ಎಂದಳು.

ಹೊಸ ಅಕ್ಷರ

ನಿಮ್ಮನ್ನು ನೀವು 'ಮಾಜಿ ಪತ್ರಕರ್ತ' ಎಂದು ಕರೆದುಕೊಂಡಿಲ್ಲವಾದರೂ ದನಿಯಲ್ಲಿ ಅದು ಕೇಳಿಸುತ್ತದೆ. ಮಾರ್ಕ್ವೆಜ್ ಅವರು 1982ರಲ್ಲಿ ನೊಬೆಲ್ ಬಂದಾಗ ಆ ದುಡ್ಡಿನಲ್ಲಿ ದಿನಪತ್ರಿಕೆ ತೆಗೆಯುವ ಯೋಜನೆ ಹಾಕಿದ್ದರು, ಅದಕ್ಕೆ ಹೆಸರೂ ಇಟ್ಟಿದ್ದರು. ಕೈಗೂಡಲಿಲ್ಲ. 1994ರಲ್ಲಿ ಕಾರ್ತಹೇನಾದಲ್ಲಿ ಪತ್ರಕರ್ತರ ತರಬೇತಿಗೆಂದು ಪ್ರತಿಷ್ಠಾನ ಕಟ್ಟಿದರು. 1996ರಲ್ಲಿ, ಸುಮಾರು ಎಪ್ಪತ್ತರ ವಯಸ್ಸಿನಲ್ಲಿ, ಮಾದಕವಸ್ತು ದೊರೆಗಳು ನಡೆಸಿದ ಅಪಹರಣಗಳ ಬಗ್ಗೆ ಇಡೀ ಪುಸ್ತಕವನ್ನು ವರದಿಯಾಗಿಯೇ ಬರೆದರು. ನಾವಿಕನನ್ನು ಮೆಟ್ಟಿಲಲ್ಲಿ ತಡೆದ ಆ ಸಂಪಾದಕ ಗಿಯೆರ್ಮೊ ಕಾನೊ ಅವರನ್ನು ಅದೇ ದೊರೆಗಳ ಬಾಡಿಗೆ ಕೊಲೆಗಾರರು 1986ರ ಡಿಸೆಂಬರ್ 17ರಂದು ಪತ್ರಿಕಾ ಕಚೇರಿಯ ಎದುರೇ ಗುಂಡಿಟ್ಟು ಕೊಂದಿದ್ದರು.

ತುಂಗಾತೀರ

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಅಟ್ಟದಿಂದ ಹಳೆಯ ನೋಟ್‌ಬುಕ್ ಇಳಿಸಿದೆ. ಕೆರೆ ಒಡೆದ ಮರುದಿನದ ಪುಟಗಳು. ಅಚ್ಚಾದ ವರದಿಯಲ್ಲಿ ಇರುವುದೆಲ್ಲ ಅಲ್ಲಿದೆ: ಒಂಬತ್ತು ಸಾವು, ಮೂವತ್ತೊಂದು ಮನೆ, ತಹಶೀಲ್ದಾರರ ಭೇಟಿ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲಿತ್ತು. ಕೇರಿಯ ಅಜ್ಜಿಯೊಬ್ಬಳು ಹಿಂದಿನ ಸಂಜೆ ರುಬ್ಬಿಟ್ಟಿದ್ದ ದೋಸೆ ಹಿಟ್ಟಿನ ಪಾತ್ರೆ, ಮೇಲೆ ಬಿಗಿದ ಬಟ್ಟೆ ಸಮೇತ, ಅರ್ಧ ಮೈಲು ದೂರದ ಶಾಲೆಯ ಜಗಲಿಯ ಮೇಲೆ ಕುಳಿತಿತ್ತು. ಬಟ್ಟೆ ಬಿಚ್ಚಿ ನೋಡಿದರೆ ಹಿಟ್ಟು ಹದವಾಗಿ ಹುಳಿ ಬಂದಿತ್ತು. ಆ ದಿನ ಇದನ್ನೂ ಬರೆದು ಕಳಿಸಿದ್ದೆ. ಇದು ಸುದ್ದಿಯಲ್ಲ ಎಂದು ಡೆಸ್ಕ್ ತೆಗೆದುಹಾಕಿತ್ತು, ಸರಿಯಾಗಿಯೇ. ಎಪ್ಪತ್ತು ಪುಟ ಬದಿಗಿಟ್ಟಿದ್ದೇನೆ. ಆ ಪಾತ್ರೆಯಿಂದ ಶುರುಮಾಡುತ್ತೇನೆ.

ಅನುಮಾನಪ್ಪ

ಎಷ್ಟು ಅಕ್ಕಿಯ ಹಿಟ್ಟು?

ತುಂಗಾತೀರ

ನೋಟ್‌ಬುಕ್‌ನಲ್ಲಿ ಒಂದು ಸೇರು ಎಂದಿದೆ. ಎರಡು ಸೇರು ಮಾಡಿದ್ದೇನೆ. ಅಜ್ಜಿಯ ಮನೆಗೆ ಮರುದಿನ ಮಗಳು, ಅಳಿಯ, ಮೊಮ್ಮಕ್ಕಳು ಬರುವವರಿದ್ದರು.

ಅನುಮಾನಪ್ಪ

ನಿಜಕ್ಕೂ ಬರುವವರಿದ್ದರೇ?

ತುಂಗಾತೀರ

ಇಲ್ಲ. ಅಜ್ಜಿಗೆ ಯಾರೂ ಇರಲಿಲ್ಲ.